ಗೋಕರ್ಣದ ಗುಡ್ಡದ ಮೇಲೆ ಗಿಡ್ಡ ಹೆಜ್ಜೆಗಳು

ಡಿಸೆಂಬರಿನ ಬೆಳಗಿನಲ್ಲಿ ಗೋಕರ್ಣದ ದಂಡೆಗೆ ಬಿಸಿಲು ಬೇಗ ಇಳಿಯುವುದಿಲ್ಲ. ಸೂರ್ಯ ಹುಟ್ಟುವುದು ಬೆನ್ನ ಹಿಂದೆ, ಘಟ್ಟದ ಕಡೆ. ಏಳು ಗಂಟೆ ದಾಟಿದರೂ ಗುಡ್ಡದ ನೆರಳು ಮರಳಿನ ಮೇಲೆ ಬಿದ್ದುಕೊಂಡಿರುತ್ತದೆ. ದೂರದ ನೀರಿಗೆ ಮಾತ್ರ ಬೆಳಕು ತಾಗಿ, ತದಡಿ ಬಂದರಿಗೆ ಮರಳುವ ಬೋಟುಗಳು ಒಂದೊಂದಾಗಿ ಆ ಬೆಳಕಿನ ಪಟ್ಟಿಯೊಳಗೆ ಹಾದು ಹೋಗುತ್ತಿರುತ್ತವೆ. ಇಲ್ಲಿ, ನೆರಳಿನ ಬದಿಯಲ್ಲಿ, ಮರಳು ಕಾಲಿಗೆ ತಣ್ಣಗೆ. ಪಾತಿದೋಣಿಯ ಪಕ್ಕ ಕುಳಿತ ಇಬ್ಬರು ಬಲೆಯಿಂದ ತಾರ್ಲೆ ಬಿಡಿಸುತ್ತಿದ್ದಾರೆ, ಇಡಿಯಾಗಿ ಬಂದದ್ದು ಬುಟ್ಟಿಗೆ, ಹರಿದದ್ದು ಕಾಗೆಗೆ. ಸಮುದ್ರಸ್ನಾನ ಮುಗಿಸಿದ ಯಾತ್ರಿಕರು ಒದ್ದೆ ಪಂಚೆ ಹಿಂಡುತ್ತ ಮಹಾಬಲೇಶ್ವರನ ಗುಡಿಯ ದಾರಿ ಹಿಡಿದಿದ್ದಾರೆ. ನಾವು ಹೋಗುವುದು ಅವರಿಗೆ ಬೆನ್ನು ಹಾಕಿ, ದಕ್ಷಿಣಕ್ಕೆ. ದಂಡೆ ಮುಗಿಯುವಲ್ಲಿ ಗುಡ್ಡ ಎದ್ದಿದೆ, ಗುಡ್ಡಕ್ಕೆ ಆತುಕೊಂಡು ರಾಮಮಂದಿರ, ಅದರ ಮಗ್ಗುಲಿನಿಂದ ಮೇಲಕ್ಕೆ ಮೆಟ್ಟಿಲು.

ನೀವೂ ಜೊತೆಗೆ ಬನ್ನಿ. ಅವಸರ ಮಾತ್ರ ಮಾಡುವಂತಿಲ್ಲ. ಗುಂಪಿನಲ್ಲಿ ಏಳು ವರ್ಷದ ಹುಡುಗಿಯೊಬ್ಬಳಿದ್ದಾಳೆ, ಅವಳ ತಮ್ಮನಿಗೆ ನಾಲ್ಕೂವರೆ. ನನ್ನ ಅಕ್ಕನ ಮಕ್ಕಳು, ಶಿವಮೊಗ್ಗದವರು; ಅಕ್ಕನೂ ಜೊತೆಗಿದ್ದಾಳೆ. ಇಲ್ಲಿಂದ ಗುಡ್ಡ ಹತ್ತಿ ಕುಡ್ಲೆಗೆ ಇಳಿದು, ಮತ್ತೆ ಹತ್ತಿ ಓಂ ಕಡಲತೀರಕ್ಕೆ ಇಳಿಯಲು ಬೀಸುಗಾಲಿನವರಿಗೆ ಮುಕ್ಕಾಲು ಗಂಟೆ ಸಾಕು. ಅಂಥವರು ನಮ್ಮನ್ನು ಈಗಾಗಲೇ ದಾಟಿ ಹೋಗುತ್ತಿದ್ದಾರೆ, ಕಿವಿಯಲ್ಲಿ ಇಯರ್‌ಫೋನು. ನಮಗೆ ಇಡೀ ಬೆಳಗು ಬೇಕು.

ಮೊದಲ ನಿಲುಗಡೆ ಮೆಟ್ಟಿಲು ಹತ್ತುವ ಮೊದಲೇ ಬಂತು. ರಾಮತೀರ್ಥದ ನೀರು ಗುಡ್ಡದ ಒಡಲಿನಿಂದ ಬಂದು ಸುರಿಯುತ್ತದೆ. ಹುಡುಗ ಎರಡೂ ಕೈ ಒಡ್ಡಿ ನಿಂತ, ತೋಳು ಮೊಣಕೈವರೆಗೆ ತೊಯ್ದಿತು, ನೆಕ್ಕಿ ನೋಡಿದ. "ಉಪ್ಪಿಲ್ಲ!" ಎಂದು ಕೂಗಿದ. ಹತ್ತು ಮಾರು ಆಚೆಗೆ ಉಪ್ಪುನೀರು ಬಂಡೆಗೆ ಬಡಿಯುತ್ತಿದೆ, ಇಲ್ಲಿ ಸಿಹಿನೀರು. ಈ ಸೀಮೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಹೊಡೆಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದ ನೆತ್ತಿಯ ತೂತು ಕಲ್ಲು ಕುಡಿದಷ್ಟು ಕುಡಿದು, ಕುಡಿದದ್ದನ್ನು ಬೇಸಿಗೆಯತ್ತ ಮೆಲ್ಲಗೆ ಬಿಟ್ಟುಕೊಡುತ್ತದೆ. ಇದನ್ನು ಹುಡುಗಿಗೆ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ, ಕಲ್ಲು ಎಲ್ಲಾದರೂ ನೀರು ಕುಡಿಯುತ್ತದಾ. ಮೇಲೆ ಹೋಗಿ ನೋಡೋಣ ಎಂದಾಯಿತು.

ಮೆಟ್ಟಿಲು ಮುಗಿದ ಕೂಡಲೇ ಗುಡ್ಡ ಬೋಳು. ಕೆಂಪು ಕರಿ ಬಣ್ಣದ ಹಾಸುಕಲ್ಲು, ನಡುನಡುವೆ ಒಣಗಿ ಬೆಳ್ಳಗಾದ ಕರಡ, ಅಲ್ಲಲ್ಲಿ ಕವಳಿ ಮಟ್ಟಿ. ಮಳೆಗಾಲದಲ್ಲಿ ಇದೇ ನೆಲ ಹಸಿರು ಹೊದ್ದಿರುತ್ತದೆ, ಗುಂಡಿಗುಂಡಿಯಲ್ಲಿ ನೀರು ನಿಂತಿರುತ್ತದೆ. ಈಗ ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಹುಡುಗಿ ಮೊಣಕಾಲೂರಿ ಬಗ್ಗಿದಳು, ಕಲ್ಲಿನ ತೂತುಗಳಲ್ಲಿ ಬೆರಳು ತೂರಿಸಿದಳು. ಕೆಲವು ತೂತಿಗೆ ಕಿರುಬೆರಳು ಹೋಗುತ್ತದೆ, ಕೆಲವಕ್ಕೆ ಹೆಬ್ಬೆರಳು. "ಅಮ್ಮಾ, ದೋಸೆ ಥರ ಇದೆ," ಎಂದಳು. ಬಾಟಲಿಯಿಂದ ಒಂದಿಷ್ಟು ನೀರು ಹುಯ್ದು ನೋಡಿದಳು. ನೀರು ಅರೆಗಳಿಗೆ ನಿಂತು, ತೂತಿನೊಳಗೆ ಇಳಿದು ಕಾಣೆಯಾಯಿತು. ಆಮೇಲೆ ಅವಳು ನನ್ನ ಮಾತನ್ನು ಒಪ್ಪಿದಳು.

ಈ ಸೀಮೆಯ ಹಳೆಯ ಮನೆಗಳ ಗೋಡೆಯೆಲ್ಲ ಇದೇ ಚಿರೆಕಲ್ಲು. ನೆಲದಡಿಯಲ್ಲಿರುವಾಗ ಮೆತ್ತಗೆ, ಕೊಡಲಿಯಲ್ಲಿ ಕಡಿದು ಇಟ್ಟಿಗೆ ಮಾಡಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಲಕ್ಷಾಂತರ ವರ್ಷಗಳ ಮಳೆ, ಬಿಸಿಲು ಮೂಲದ ಬಂಡೆಯಲ್ಲಿ ಕರಗುವುದನ್ನೆಲ್ಲ ತೊಳೆದು ಒಯ್ದು, ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಬಿಟ್ಟುಹೋಗಿವೆ. ಕೆಂಪು ಬಣ್ಣ ಆ ಕಬ್ಬಿಣದ ತುಕ್ಕಿನದು. ಟಿಪ್ಪು ಮಡಿದ ಮೇಲೆ, 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಬರೆದ; ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಅದೇ ನಿಂತಿತು. ಹುಡುಗನಿಗೆ ಇದ್ಯಾವುದೂ ಬೇಡ. ಅವನ ಎರಡೂ ಜೇಬು ಕೆಂಪು ಹರಳಿನಿಂದ ತುಂಬಿ, ಚಡ್ಡಿ ಕೆಳಕ್ಕೆ ಜಗ್ಗುತ್ತಿತ್ತು.

ನೆತ್ತಿಯ ಒಂದು ಕಡೆ ಯಾರೋ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಚಕ್ರವ್ಯೂಹ ಮಾಡಿಟ್ಟಿದ್ದಾರೆ. ಒಳಗೆ ಹೋದವರು ಸುತ್ತಿ ಸುತ್ತಿ ನಡುವಿಗೆ ಮುಟ್ಟಿ, ಅದೇ ದಾರಿಯಲ್ಲಿ ಹೊರಬರಬೇಕು. ದೊಡ್ಡವರು ಇಲ್ಲಿ ಕಣ್ಣು ಅರೆಮುಚ್ಚಿ ಗಂಭೀರವಾಗಿ ನಡೆಯುತ್ತಾರೆ. ಇವರಿಬ್ಬರು ಓಡಿದರು. ಹುಡುಗ ಎರಡು ಸುತ್ತು ಓಡಿ, ಸಾಲು ದಾಟಿ ನೇರ ನಡುವಿಗೆ ಹೋಗಿ ನಿಂತ. ಹುಡುಗಿಗೂ ತಮ್ಮನಿಗೂ ಮೋಸ ಮೋಸ ಎಂದು ದೊಡ್ಡ ಜಗಳ.

ಆ ಜಗಳ ಬಿಡಿಸುತ್ತಿರುವಾಗಲೇ ಗುಡ್ಡದ ಆಚೆಯಿಂದ ಒಬ್ಬಾಕೆ ತಲೆಯ ಮೇಲೆ ಕರಡದ ಹೊರೆ ಹೊತ್ತು ಬಂದರು. ಕೊರಳ ತುಂಬ ಮಣಿಸರ, ಹಾಲಕ್ಕಿ ಹೆಂಗಸು. ಹೊರೆಯ ಕೆಳಗಿಂದ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಹುಡುಗಿ ಕಡಲು ನೋಡಲು ಎರಡು ಹೆಜ್ಜೆ ಅಂಚಿನತ್ತ ಸರಿದದ್ದನ್ನು ಆ ಅರ್ಧ ಮುಖವೇ ಕಂಡಿತು.

"ತಂಗೀ, ಆ ಬದಿಗೆ ಹೋಗ್ಬೇಡ. ಅಡಿಗೆ ಪೊಳ್ಳು ಅದೆ."

ನಿಲ್ಲಲಿಲ್ಲ, ಹೇಳುತ್ತಲೇ ಹೋದರು. ಬಹಳ ದೂರ ಹೋದ ಮೇಲೂ ಕರಡದ ಹೊರೆ ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ಆಕೆ ಹೇಳಿದ್ದು ಅಕ್ಷರಶಃ ನಿಜ. ಈ ಧರೆಯ ಮೇಲ್ಪದರ ಗಟ್ಟಿ, ಅದರ ಕೆಳಗೆ ಮೆತ್ತನೆಯ ಶೇಡಿಮಣ್ಣು. ಅಲೆ ಮತ್ತು ಒಸರುವ ನೀರು ಸೇರಿ ಕೆಳಗಿನ ಮಣ್ಣನ್ನು ಕೊರೆಯುತ್ತವೆ, ಮೇಲಿನ ಕಲ್ಲು ಚಾಚಿಕೊಂಡು ಉಳಿಯುತ್ತದೆ, ಒಂದು ದಿನ ತುಂಡಾಗಿ ಬೀಳುತ್ತದೆ. ಕೆಳಗೆ ದಂಡೆಯಲ್ಲಿ ಕಪ್ಪಗೆ ಬಿದ್ದಿರುವ ಮನೆಗಾತ್ರದ ಬಂಡೆಗಳು ಹಾಗೆ ಬಿದ್ದವೇ. ಮೇಲೆ ನಿಂತವರಿಗೆ ಕಾಲಡಿ ಎಷ್ಟು ಕಲ್ಲಿದೆ, ಎಷ್ಟು ಗಾಳಿಯಿದೆ ತಿಳಿಯುವುದಿಲ್ಲ. ಅದಕ್ಕೇ ಅಂಚಿನಿಂದ ಮೂರು ಮಾರು ಒಳಗೆ, ಕರಡ ತುಳಿದು ಸವೆದ ಕಾಲುದಾರಿಯಲ್ಲೇ ಇರಬೇಕು. ಕಡಲ ಬದಿಗೆ ದೊಡ್ಡವರು, ಗುಡ್ಡದ ಬದಿಗೆ ಮಕ್ಕಳು. ಹಿಡಿಯುವುದಾದರೆ ಮಣಿಕಟ್ಟು, ಬೆವೆತ ಬೆರಳು ಜಾರುತ್ತದೆ. ಇಳಿಜಾರಿನಲ್ಲಿ ಒಬ್ಬರು ಮಗುವಿಗಿಂತ ಮುಂದೆ ಇಳಿಯಬೇಕು, ಹಿಂದಿನಿಂದ ಅಂಗಿ ಹಿಡಿದು ಪ್ರಯೋಜನವಿಲ್ಲ. ಹವಾಯಿ ಚಪ್ಪಲಿ ಬೇಡವೇ ಬೇಡ, ಹಿಮ್ಮಡಿಗೆ ಪಟ್ಟಿ ಇರುವಂಥದು ಬೇಕು, ಈ ಹರಳುಕಲ್ಲು ದೊಡ್ಡವರ ಕಾಲನ್ನೇ ತೆಗೆದುಬಿಡುತ್ತದೆ.

ಇನ್ನೊಂದು ಸಂಗತಿ ಗಾಳಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ತಂಪಾಗಿ, ಘಟ್ಟದ ವಾಸನೆ ಹೊತ್ತು. ನೆಲ ಕಾದ ಮೇಲೆ, ನಡುಹಗಲಿನ ಹೊತ್ತಿಗೆ ತಿರುಗಿ ಕಡಲಿನಿಂದ ನೆಲಕ್ಕೆ ಬರುತ್ತದೆ. ಬೆಳಿಗ್ಗೆ ಹಾರಿದ್ದೆಲ್ಲ ಅಂಚಿನತ್ತಲೇ ಹಾರುತ್ತದೆಂದು ಅರ್ಥ. ಹುಡುಗನ ಹಳದಿ ಟೋಪಿ ಹಾರಿತು. ಎರಡು ಸಲ ನೆಲಕ್ಕೆ ತಾಗಿ, ಪುಟಿದು, ಧರೆಯ ಆಚೆ ಹೋಯಿತು. ಅವನು ಹಿಂದೆ ಹೊರಟೇಬಿಟ್ಟಿದ್ದ, ಮಣಿಕಟ್ಟು ಅಮ್ಮನ ಕೈಯಲ್ಲಿತ್ತು. ಅತ್ತ. ಟೋಪಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಅರಬ್ಬೀ ಸಮುದ್ರದ ಆಚೆ ಒಮಾನ್ ದೇಶ ಇದೆ ಎಂದೆ. ಅಲ್ಲಿಯ ಹುಡುಗನಿಗೆ ಸಿಗುತ್ತದಾ, ಅವನ ತಲೆಗೆ ಆಗುತ್ತದಾ ಎಂಬ ಲೆಕ್ಕದಲ್ಲಿ ಅಳು ನಿಂತಿತು. ಗಲ್ಲದ ಕೆಳಗೆ ಕಟ್ಟುವ ದಾರವಿರುವ ಟೋಪಿ ತನ್ನಿ, ನೀವು ಬರುವಾಗ.

ಕುಡ್ಲೆಗೆ ಇಳಿಯುವ ದಾರಿ ಗೂಡಂಗಡಿ, ಗೆಸ್ಟ್‌ಹೌಸುಗಳ ನಡುವೆ ನುಸುಳುತ್ತದೆ. ಒಗೆದ ಬೆಡ್‌ಶೀಟುಗಳು, ಒಲೆಯ ಹೊಗೆ, ಎಲ್ಲೋ ಕಾಫಿಪುಡಿ. ಕೆಳಗೆ ಅರ್ಧಚಂದ್ರದ ಮರಳು, ಅದರ ಮೇಲೆ ಇನ್ನೂ ಯಾರೂ ತುಳಿಯದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಕಡಲೆಕಾಳು ಗಾತ್ರದ ಮರಳುಂಡೆಗಳು, ಸಾವಿರಗಟ್ಟಲೆ, ಒಂದೊಂದು ಸಣ್ಣ ಬಿಲದಿಂದ ಗೆರೆ ಹೊರಟು ಸುತ್ತಲೂ ಹರಡಿವೆ. ಅಕ್ಕ ಚೀಲದಿಂದ ಬನ್ಸ್ ಪೊಟ್ಟಣ ತೆಗೆದಳು, ನಾವು ಕುಳಿತೆವು, ಹುಡುಗಿ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟಳು.

ಅಲುಗದೆ ಕಾದರೆ ಕಾಣುತ್ತದೆ. ಬಿಲದ ಬಾಯಲ್ಲಿ ಮೊದಲು ಎರಡು ಕಣ್ಣಿನ ಕಡ್ಡಿ, ಆಮೇಲೆ ಉಗುರಿನಷ್ಟೂ ಇಲ್ಲದ ಏಡಿ. ಎರಡು ಚಿಮ್ಮಟದಿಂದ ಮರಳು ಎತ್ತಿ ಬಾಯಿಗೆ ಇಡುತ್ತದೆ, ಅದರಲ್ಲಿ ಅಂಟಿದ ಕಣ್ಣಿಗೆ ಕಾಣದ ಆಹಾರ ಸೋಸಿ ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಕಾಲಿನಿಂದ ಹಿಂದಕ್ಕೆ ತಳ್ಳುತ್ತದೆ. ಮತ್ತೊಂದು ಹೆಜ್ಜೆ, ಮತ್ತೊಂದು ಉಂಡೆ. ನೀರು ಇಳಿದಷ್ಟು ಹೊತ್ತು ಇದೇ ಕೆಲಸ. ಭರತ ಬಂದಾಗ ಅಷ್ಟೂ ಉಂಡೆ ಅಳಿಸಿಹೋಗುತ್ತವೆ, ಏಡಿ ಬಿಲದ ಬಾಯಿ ಮುಚ್ಚಿಕೊಂಡು ಒಳಗಿರುತ್ತದೆ. "ತಿಂದ ತಟ್ಟೆ ಅದೇ ತೊಳೀತಿದೆ," ಎಂದಳು ಹುಡುಗಿ, ಅಮ್ಮನ ಕಡೆ ನೋಡದೆ. ಹುಡುಗ ಬನ್ಸ್‌ನ ಒಂದು ಚೂರು ಬಿಲದ ಬಾಯಿಗೆ ಇಟ್ಟ. ಏಡಿ ಒಳಗೆ ಹೋಗಿ ಮತ್ತೆ ಬರಲೇ ಇಲ್ಲ.

ಕುಡ್ಲೆಯ ದಕ್ಷಿಣದ ತುದಿಯಿಂದ ಎರಡನೆಯ ಏರು. ದೊಡ್ಡವರಿಗೆ ಇಪ್ಪತ್ತು ನಿಮಿಷದ ದಾರಿ ಇದು. ಬಿಸಿಲು ಈಗ ಗುಡ್ಡದ ತಲೆ ದಾಟಿ ಬಂದಿತ್ತು. ನಾಲ್ಕೂವರೆ ವರ್ಷದ ಕಾಲುಗಳು ಅರ್ಧ ಏರಿನಲ್ಲಿ ಮುಷ್ಕರ ಹೂಡಿದವು. ಆ ಗಳಿಗೆಗೆಂದೇ ಇಟ್ಟುಕೊಂಡಿದ್ದ ಕತೆ ತೆಗೆದೆ. ಗೋಕರ್ಣಕ್ಕೆ ಬಂದು ರಾವಣನ ಕತೆ ಹೇಳದೆ ಹೋಗುವುದುಂಟೆ. ಕೈಲಾಸದಿಂದ ಆತ್ಮಲಿಂಗ ಹೊತ್ತು ತಂದವನು, ಲಂಕೆ ಮುಟ್ಟುವ ತನಕ ನೆಲಕ್ಕಿಡಕೂಡದು. ಇದೇ ಕಡಲತೀರಕ್ಕೆ ಬಂದಾಗ ವಿಷ್ಣು ಚಕ್ರದಿಂದ ಸೂರ್ಯನನ್ನು ಮರೆಮಾಡಿದ, ಸಂಜೆಯಾಯಿತೆಂದು ರಾವಣ ಸಂಧ್ಯಾವಂದನೆಗೆ ಹೊರಟ. ಲಿಂಗ ಹಿಡಿಯಲು ಸಿಕ್ಕವನು ದನ ಕಾಯುವ ಒಬ್ಬ ಹುಡುಗ, ಅಂದರೆ ವೇಷ ಹಾಕಿದ ಗಣಪ. "ಭಾರ ಆದರೆ ಮೂರು ಸಲ ಕರೀತೀನಿ, ನೀನು ಬರದಿದ್ರೆ ಇಟ್ಟುಬಿಡ್ತೀನಿ" ಎಂದವನು, ಒಂದೇ ಉಸಿರಿಗೆ ಮೂರು ಸಲ ಕರೆದು ಇಟ್ಟೇಬಿಟ್ಟ. ರಾವಣ ಕಿತ್ತ, ಬರಲಿಲ್ಲ. ಸಿಟ್ಟಿನಲ್ಲಿ ಎಸೆದ ಲಿಂಗದ ಹೊದಿಕೆ ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರವಾಯಿತು. ಆ ದಕ್ಷಿಣದ ಕಡೆ, ಕಾಣದಷ್ಟು ದೂರದಲ್ಲಿ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ.

"ಆ ಹುಡುಗ ಎಷ್ಟು ದೊಡ್ಡೋನು?"

"ನಿನ್ನಷ್ಟೇ ಇರಬೇಕು."

ಅವನು ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ನಿಂತು, "ಮಾಮ, ಮಾಮ, ಮಾಮ" ಎಂದು ಒಂದೇ ಉಸಿರಿಗೆ ಕರೆದು, ದಾರಿಯ ನಡುವೆ ಕೂತುಬಿಟ್ಟ. ಪುರಾಣದ ಪ್ರಕಾರ ಇನ್ನು ಅವನನ್ನು ಕೀಳುವಂತಿಲ್ಲ. ಬೆನ್ನ ಮೇಲೆ ಹೊತ್ತುಕೊಂಡೆ.

ಮುಂದಿನ ದಾರಿ ಗೇರು ಹಕ್ಕಲಿನೊಳಗೆ. ಡಿಸೆಂಬರಿನಲ್ಲಿ ಗೇರಿಗೆ ಹೂವು, ಗಾಳಿಯಲ್ಲಿ ತೆಳ್ಳಗೆ ಸಿಹಿ ವಾಸನೆ, ಕಾಲಡಿ ದರಕು. ಬೆನ್ನ ಮೇಲಿದ್ದವನಿಗೆ ನಮಗ್ಯಾರಿಗೂ ಕಾಣದ್ದು ಕಂಡಿತು: ಹಸಿರೆಲೆಗಳನ್ನೇ ಹೆಣೆದು ಕಟ್ಟಿದ ಒಂದು ಗೂಡು, ಕೊಂಬೆಯ ತುದಿಯಲ್ಲಿ. ಚಗಳಿಯದು. ಕೆಂಪಿರುವೆಗಳು ಸಾಲಾಗಿ ಒಂದು ಎಲೆಯ ಅಂಚು ಕಚ್ಚಿ ಹಿಡಿದು, ಹಿಂಗಾಲನ್ನು ಇನ್ನೊಂದು ಎಲೆಗೆ ಊರಿ ಜಗ್ಗುತ್ತಿದ್ದವು. ಎರಡೆಲೆಯ ನಡುವಿನ ಸಂದು ಕಿರಿದಾದಂತೆ ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು ಆ ಅಂಚಿನಿಂದ ಈ ಅಂಚಿಗೆ ಒತ್ತುತ್ತವೆ, ಮರಿಯ ಬಾಯಿಂದ ಬರುವ ರೇಷ್ಮೆಯೇ ಹೊಲಿಗೆ. ಹುಡುಗಿ ಕತ್ತೆತ್ತಿ ನೋಡಿ, ಮಕ್ಕಳ ಹತ್ರ ಕೆಲಸ ಮಾಡಿಸ್ತಾವಲ್ಲ ಎಂದಳು. ಅಕ್ಕ ಅದಕ್ಕೆ ಉತ್ತರ ಕೊಡಲಿಲ್ಲ. ಮುಟ್ಟಬೇಡ ಎಂದು ಮಾತ್ರ ಹೇಳಿದಳು, ಅಷ್ಟರಲ್ಲಿ ಒಂದು ನನ್ನ ಕುತ್ತಿಗೆ ಸೇರಿತ್ತು.

ಹಕ್ಕಲು ಮುಗಿದದ್ದೇ ಕಡಲು ಒಮ್ಮೆಗೇ ತೆರೆಯಿತು. ಕೆಳಗೆ ಎರಡು ಕೊಲ್ಲಿ ಒಂದಕ್ಕೊಂದು ತಾಗಿ ಬಾಗಿವೆ, ನಡುವೆ ಕರಿಬಂಡೆಗಳ ಮೂಗು ನೀರಿಗೆ ಚಾಚಿದೆ. ದೇವನಾಗರಿಯ ಓಂ ಅಕ್ಷರ ಮೇಲಿನಿಂದ ನೋಡಿದರೆ ಮಾತ್ರ ಕೂಡಿ ಬರುವುದು. ಮರಳಿನ ಮೇಲೆ ನಿಂತವರಿಗೆ ಬರೀ ಬಂಡೆ. ಒಂದು ಗರುಡ ನಮಗಿಂತ ಕೆಳಗೆ ಹಾರುತ್ತಿತ್ತು. ಅದರ ಕೆಂಪು ಬೆನ್ನು, ಬಿಳಿ ಕುತ್ತಿಗೆ ಮೇಲಿನಿಂದ ಕಂಡವು. ಹಕ್ಕಿಯ ಬೆನ್ನು ನೋಡುವ ಅವಕಾಶ ಗುಡ್ಡ ಹತ್ತಿದವರಿಗೆ ಸಿಗುವ ಸಂಬಳ. ಹುಡುಗ ಬೋಟು ಎಣಿಸುತ್ತಿದ್ದ. ಹನ್ನೊಂದಕ್ಕೆ ಬಂದು, ಹನ್ನೆರಡರ ಬದಲು ಇಪ್ಪತ್ತು ಎಂದ. ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಒಟ್ಟು 61 ದಿನ. ಆಗ ಬಂದರೆ ಎಣಿಸಲು ಒಂದೂ ಸಿಗುವುದಿಲ್ಲ. ಆಗ ಬರುವುದೂ ಬೇಡ, ಮಳೆಯಲ್ಲಿ ಈ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಧರೆ ಕುಸಿಯುವುದೂ ಆಗಲೇ.

ಓಂ ತೀರಕ್ಕೆ ಇಳಿದಾಗ ಹತ್ತು ಗಂಟೆಯ ಆಸುಪಾಸು, ಇಳಿತದ ಹೊತ್ತು. ಹೊತ್ತು ನೋಡಿಕೊಂಡೇ ಹೊರಟಿದ್ದೆವು. ಈ ಕಡಲಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜೋರಾಗಿ ಏರಿ ಜೋರಾಗಿ ಇಳಿಯುತ್ತದೆ. ಅಷ್ಟಮಿಯ ಎರಡು ಬದಿಗೆ ಏರುವುದೂ ಕಮ್ಮಿ, ಇಳಿಯುವುದೂ ಕಮ್ಮಿ. ಸಣ್ಣ ಮಕ್ಕಳಿಗೆ ಅಷ್ಟಮಿಯೇ ವಾಸಿ.

ನೀರು ಹಿಂದೆ ಸರಿದ ಬಂಡೆಗಳ ನಡುವೆ ಮೊಣಕಾಲುದ್ದದ ಕುಳಿಗಳು ಉಳಿದಿದ್ದವು. ಒಂದರ ಪಕ್ಕ ಕುಕ್ಕುರುಗಾಲಲ್ಲಿ ಕುಳಿತೆವು. ಮೊದಲು ಏನೂ ಇಲ್ಲ, ನಮ್ಮದೇ ನಾಲ್ಕು ಮುಖ. ಆಮೇಲೆ ಮರಳಿನ ಬಣ್ಣದ ಬೆರಳುದ್ದದ ಮೀನು ಜಿಗಿದು ಇನ್ನೊಂದು ಮೂಲೆ ಸೇರಿತು. ಆಮೇಲೆ ಒಂದು ಶಂಖದ ಚಿಪ್ಪು ನಡೆಯತೊಡಗಿತು, ಒಳಗೆ ಬಾಡಿಗೆಗಿರುವ ಸನ್ಯಾಸಿ ಏಡಿ. ಹುಡುಗಿ ನೆರಳು ಬೀಳಿಸಿದರೆ ಒಳಗೆ, ನೆರಳು ತೆಗೆದರೆ ಹೊರಗೆ. ಇದೊಂದೇ ಆಟ ಎಷ್ಟು ಹೊತ್ತು ನಡೆಯಿತೋ, ನನ್ನ ಬೆನ್ನು ಸುಟ್ಟಿತು. ಬಂಡೆಗೆ ಕಚ್ಚಿದ ಕಲಗದ ಚಿಪ್ಪು ಬ್ಲೇಡಿನ ಹರಿತ, ಚಪ್ಪಲಿ ತೆಗೆಯಲು ಬಿಡಲಿಲ್ಲ. ಆಚೆ, ಬಂಡೆಮೂಗಿನ ತುತ್ತತುದಿಯಲ್ಲಿ ನಾಲ್ಕಾರು ಹುಡುಗರು ಅಲೆಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಿದ್ದರು, ಜೀವರಕ್ಷಕ ಸೀಟಿ ಊದುತ್ತಲೇ ಇದ್ದ. ಗೋಕರ್ಣದ ದಂಡೆಯಲ್ಲಿ ನೀರುಪಾಲಾದವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸೀಟಿಗೆ ಮೊದಲು ತಿರುಗಿ ನೋಡಿದವನು ನಮ್ಮ ಹುಡುಗ.

ಇಲ್ಲಿಂದ ಮುಂದೆಯೂ ದಾರಿ ಇದೆ. ಓಂನ ದಕ್ಷಿಣದ ಗುಡ್ಡ ಬಳಸಿ ಹಾಫ್‌ಮೂನ್, ಅದರಾಚೆ ಪ್ಯಾರಡೈಸ್, ಇನ್ನೂ ಆಚೆ ಬೇಲೆಕಾನ, ಅಘನಾಶಿನಿಯ ಅಳಿವೆ. ಶಿರಸಿಯ ಕಡೆಯಿಂದ ಸುಮಾರು 120 ಕಿ.ಮೀ. ಹರಿದು, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಬಂದ ನದಿ. ಅದರ ಅಳಿವೆ 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಬಳಚು ಹೆಕ್ಕುವವರು, ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನ ಆಗರ ಎಲ್ಲ ಆ ಅಳಿವೆಯ ಸುತ್ತ. ಆದರೆ ಹಾಫ್‌ಮೂನಿನ ಕಾಲುದಾರಿ ಕೆಲವೆಡೆ ಒಬ್ಬರೇ ಹಿಡಿಸುವಷ್ಟು ಅಗಲ, ಒಂದು ಕಡೆ ಧರೆ, ಇನ್ನೊಂದು ಕಡೆ ನೇರ ನೀರು. ಎಂಟು ವರ್ಷದ ಒಳಗಿನವರನ್ನು ಅಲ್ಲಿಗೆ ನಡೆಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಎಷ್ಟೇ ಚೆಂದದ ಫೋಟೋ ನೋಡಿದ್ದರೂ. ಸೂರ್ಯಾಸ್ತ ನೋಡಲೆಂದು ಮಕ್ಕಳನ್ನು ಗುಡ್ಡಕ್ಕೆ ಕರೆತರುವವರ ಲೆಕ್ಕವೂ ನನಗೆ ಹಿಡಿಸುವುದಿಲ್ಲ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಕಾಲುದಾರಿ ಕಾಣದಾಗುತ್ತದೆ, ನಿದ್ದೆಗಣ್ಣಿನ ಮಗು, ಮೊಬೈಲಿನ ಟಾರ್ಚು, ಆ ಹರಳುಕಲ್ಲು. ಸೂರ್ಯಾಸ್ತವನ್ನು ಮರಳಿನ ಮೇಲೆ ಕೂತು ನೋಡಿದರೂ ಅವನು ಅದೇ ಸೂರ್ಯ.

ಮರಳಿ ನಡೆಯುವ ಮಾತೇ ಇಲ್ಲ. ಹಾಸುಕಲ್ಲು ಆಗಲೇ ಕಾದಿರುತ್ತದೆ, ಮೇಲೆ ನೆರಳಿಲ್ಲ. ಓಂ ತೀರದಿಂದ ಮೆಟ್ಟಿಲು ಹತ್ತಿದರೆ ವಾಹನ ನಿಲ್ಲಿಸುವ ಜಾಗ. ಅಲ್ಲಿ ಮುರುಗಲು ಪಾನಕ, ಅದರ ಪಕ್ಕ ರಿಕ್ಷಾ. ಹುಡುಗನ ಜೇಬಿನ ಕಲ್ಲು ಸೀಟಿನ ಮೇಲೆಲ್ಲ ಚೆಲ್ಲಿತು. ರಿಕ್ಷಾದವರು ತಿರುಗಿ ನೋಡಿ ನಕ್ಕರು.

"ನಾಳೆ ಹತ್ತಕ್ಕೇ ಬಂದ್ರೆ ಆ ಏಡಿ ಇರುತ್ತಾ?" ಹುಡುಗಿ ನನ್ನನ್ನು ಕೇಳಿದ್ದು, ಉತ್ತರ ಬಂದದ್ದು ಮುಂದಿನ ಸೀಟಿನಿಂದ.

"ನಾಳೆ ಹತ್ತಕ್ಕಲ್ಲ ತಂಗೀ, ಹನ್ನೊಂದ್ರ ಹತ್ರಕ್ಕೆ ನೀರು ಇಳೀತದೆ. ದಿನಾ ಮುಕ್ಕಾಲು ತಾಸು ಮುಂದೆ ಹೋಗ್ತದೆ ಅದು."

"ಮತ್ತೆ ಹತ್ತಕ್ಕೆ ಯಾವಾಗ?"

"ಬರೋ ಅಷ್ಟಮಿಗೆ ಬಾ."

ಅವಳು ಅಮ್ಮನ ಮೊಬೈಲು ಇಸಿದುಕೊಂಡು, ಅಷ್ಟಮಿ ಯಾವ ವಾರ ಬೀಳುತ್ತದೆ, ಅವತ್ತು ಶಾಲೆಗೆ ರಜೆ ಇದೆಯಾ ಎಂದು ಹುಡುಕತೊಡಗಿದಳು.